ಶ್ರೇಷ್ಠರು ಯಾರು? ಬರೆದಿಡದ ಅಂಕಗಳ ಲೆಕ್ಕ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿ, ಮಲಪ್ರಭೆಯನ್ನು ಹಿಂದಿಕ್ಕಿ ಮುಂದೆ ಬಂದರೆ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿಯ ದಾರಿ ಕವಲೊಡೆಯುವುದು ಇಲ್ಲಿಯೇ. ಬಸ್ಸು ಬದಲಿಸುವವರು ಕಾಯಲೇಬೇಕಾದ ಸ್ಥಳವಾದ್ದರಿಂದ ಇಲ್ಲಿ ಚಹಾದಂಗಡಿಗಳಿಗೂ ಮಾತಿಗೂ ಬರವಿಲ್ಲ. ಕೆಲವು ದಿನಗಳ ಹಿಂದೆ ಬಾದಾಮಿಯ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದಾಗ ಪಕ್ಕದ ಬೆಂಚಿನಲ್ಲಿ ನಡೆದ ವಾಗ್ವಾದವೊಂದು ಈ ಬರಹಕ್ಕೆ ಕಾರಣ.

ವಿಷಯ ಇಷ್ಟೇ: ರಣಜಿ ಟ್ರೋಫಿ ಗೆದ್ದ ಕರ್ನಾಟಕದ ತಂಡಗಳಲ್ಲಿ ಯಾವುದು ಶ್ರೇಷ್ಠ? ನನ್ನ ವಯಸ್ಸಿನವರೇ ಆದ ಹಿರಿಯರೊಬ್ಬರದು 1974ರ ಪಕ್ಷ. "ಹದಿನೈದು ವರ್ಷ ಯಾರೂ ಮುಂಬಯಿನ ಹೊಡದಿರಲಿಲ್ಲ ತಮ್ಮಾ, ನಮ್ಮವರು ಹೊಡದ್ರು" ಎಂಬುದು ಅವರ ವಾದ. ಮೊಬೈಲ್ ಹಿಡಿದಿದ್ದ ಯುವಕ ಸೋಲಲು ಸಿದ್ಧನಿರಲಿಲ್ಲ. "ಒಂದ ಸಲ ಹೊಡದ್ರ ಏನಾತು ಕಾಕಾ? ವಿನಯ್ ಕುಮಾರ್ ತಂಡ ಎರಡು ವರ್ಷದಾಗ ಆರು ಕಪ್ ತಂದೈತಿ" ಎಂದ. ನಡುವಯಸ್ಸಿನ ಮೂರನೆಯವರು ಇಬ್ಬರನ್ನೂ ತಳ್ಳಿಹಾಕಿ, ಸೋಲುವ ಪಂದ್ಯವನ್ನು ಗೆದ್ದ 1999ರ ತಂಡವೇ ದೊಡ್ಡದೆಂದರು. ಅಷ್ಟರಲ್ಲಿ ಬಸ್ಸು ಬಂತು. ವಾದ ಅರ್ಧಕ್ಕೆ ನಿಂತಿತು. ಆದರೆ ಬಾದಾಮಿ ತಲುಪುವವರೆಗೂ ಅದು ನನ್ನ ತಲೆಯಲ್ಲಿ ಮುಂದುವರಿಯಿತು.

ಮೂವರ ಮಾತಿನಲ್ಲಿಯೂ ಸತ್ಯಾಂಶವಿತ್ತು. 1958-59ರಿಂದ ಸತತವಾಗಿ ಹದಿನೈದು ಬಾರಿ ಚಾಂಪಿಯನ್ ಆಗಿದ್ದ ಮುಂಬಯಿಯನ್ನು 1974ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎರ‍್ರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ತಡೆದು ನಿಲ್ಲಿಸಿತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಗೆದ್ದದ್ದೂ ಆಯಿತು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಹೊಸ ಹೆಸರಿಗೆ ಮೊದಲ ಕಿರೀಟ ಅದು. ಹೈಸ್ಕೂಲ್ ವಿದ್ಯಾರ್ಥಿಯಾಗಿದ್ದ ನಾನು ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಪತ್ರಿಕೆಗಾಗಿ ರಸ್ತೆಯಲ್ಲಿ ನಿಂತು ಕಾದದ್ದು ಇಂದಿಗೂ ನೆನಪಿದೆ.

ಯುವಕನ ಲೆಕ್ಕವೂ ಸುಳ್ಳಲ್ಲ. 2013-14 ಮತ್ತು 2014-15ರಲ್ಲಿ ಕರ್ನಾಟಕ ರಣಜಿ, ಇರಾನಿ ಹಾಗೂ ವಿಜಯ್ ಹಜಾರೆ ಟ್ರೋಫಿಗಳನ್ನು ಎರಡೂ ವರ್ಷ ಗೆದ್ದಿತು. 2015ರ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಕರುಣ್ ನಾಯರ್ 328 ರನ್ ಹೊಡೆದರು. ತಮಿಳುನಾಡು ಇನಿಂಗ್ಸ್ ಹಾಗೂ 217 ರನ್‌ಗಳಿಂದ ಸೋತಿತು. ಇನ್ನು 1998-99ರ ಫೈನಲ್‌ನಲ್ಲಿ ಮಧ್ಯಪ್ರದೇಶ ಮೊದಲ ಇನಿಂಗ್ಸ್ ಮುನ್ನಡೆ ಪಡೆದಿತ್ತು, ಡ್ರಾ ಆಗಿದ್ದರೂ ಟ್ರೋಫಿ ಅವರದೇ. ಕೊನೆಯ ದಿನ ವಿಜಯ್ ಭಾರದ್ವಾಜ್ ಆರು ವಿಕೆಟ್ ಪಡೆದು ಪಂದ್ಯದ ದಿಕ್ಕನ್ನೇ ಬದಲಿಸಿದರು.

ಹಾಗಾದರೆ ಯಾರು ಶ್ರೇಷ್ಠರು? ಅರ್ಥಶಾಸ್ತ್ರ ಓದಿದವನಿಗೆ ಈ ಪ್ರಶ್ನೆ ಹೊಸದಲ್ಲ. ಬೆಲೆ ಸೂಚ್ಯಂಕ ತಯಾರಿಸುವವರೆಲ್ಲ ಎದುರಿಸುವ ತೊಡಕು ಇದು. 1974ರ ನೂರು ರೂಪಾಯಿಯನ್ನೂ 2015ರ ನೂರು ರೂಪಾಯಿಯನ್ನೂ ಪಕ್ಕಪಕ್ಕದಲ್ಲಿಟ್ಟು ಸಮವೆಂದರೆ ಯಾರೂ ಒಪ್ಪಲಾರರು. ಕೊಳ್ಳುವ ಶಕ್ತಿ ಬೇರೆ ಎನ್ನುತ್ತಾರೆ. ರನ್ನಿಗೂ ಕೊಳ್ಳುವ ಶಕ್ತಿ ಇರುತ್ತದೆ. 1974ರಲ್ಲಿ ಬ್ಯಾಟ್ಸ್‌ಮನ್‌ಗಳ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ವಿಶ್ವನಾಥ್ ಅವರಂಥವರೂ ಬ್ಯಾಂಕಿನ ನೌಕರಿಯಲ್ಲಿದ್ದರು. ಪ್ರಸನ್ನ ಎಂಜಿನಿಯರಿಂಗ್ ಪದವಿ ಮುಗಿಸುವ ಸಲುವಾಗಿ ಐದು ವರ್ಷ ಟೆಸ್ಟ್ ಕ್ರಿಕೆಟ್‌ನಿಂದ ದೂರ ಉಳಿದಿದ್ದರು. ಆಟ ಹೊಟ್ಟೆ ತುಂಬಿಸದ ಕಾಲದಲ್ಲಿ ಆಡುವುದಕ್ಕೆ ತೆರಬೇಕಾದ ಬೆಲೆಯೇ ಬೇರೆ. ಮತ್ತೊಂದು ಕಡೆಯಿಂದ ನೋಡಿದರೆ, ಆಗ ವಲಯದೊಳಗೆ ಬೆರಳೆಣಿಕೆಯ ಲೀಗ್ ಪಂದ್ಯ ಆಡಿ ನಾಕೌಟ್ ತಲುಪಬಹುದಿತ್ತು. 2014-15ರ ತಂಡ ಲೀಗ್ ಹಂತದಲ್ಲಿಯೇ ದೇಶದ ನಾನಾ ಕಡೆಯ ತಂಡಗಳೊಡನೆ ಎಂಟು ಪಂದ್ಯ ಆಡಬೇಕಾಯಿತು. ಒಂದು ತಂಡಕ್ಕೆ ಸೌಕರ್ಯ ಕಡಿಮೆ, ಇನ್ನೊಂದಕ್ಕೆ ಪರೀಕ್ಷೆ ಹೆಚ್ಚು. ಯಾವ ವರ್ಷವನ್ನು ಆಧಾರ ವರ್ಷವೆಂದು ಹಿಡಿಯುತ್ತೇವೆಯೋ ಅದರಂತೆ ಉತ್ತರವೂ ಬದಲಾಗುತ್ತದೆ.

ಬಹುಮತಕ್ಕೆ ಬಿಟ್ಟರಾಯಿತಲ್ಲ ಎನ್ನಬಹುದು. ಅಲ್ಲಿಯೂ ಬಿಕ್ಕಟ್ಟಿದೆ. ಚಹಾದಂಗಡಿಯ ಹಿರಿಯರು 1974, 1999, 2015 ಎಂಬ ಕ್ರಮದಲ್ಲಿ ತಂಡಗಳನ್ನು ಇಡುತ್ತಾರೆ ಎನ್ನೋಣ. ಮೂರನೆಯವರು 1999, 2015, 1974 ಎನ್ನಲಿ. ಯುವಕ 2015, 1974, 1999 ಎನ್ನಲಿ. ಎರಡೆರಡು ತಂಡಗಳನ್ನು ತೆಗೆದುಕೊಂಡು ಮತ ಹಾಕಿಸಿದರೆ 1974 ತಂಡ 1999ರದನ್ನು ಸೋಲಿಸುತ್ತದೆ, 1999ರದು 2015ರದನ್ನು ಸೋಲಿಸುತ್ತದೆ, 2015ರದು 1974ರದನ್ನು ಸೋಲಿಸುತ್ತದೆ. ಪ್ರತಿಯೊಬ್ಬರ ವಿಚಾರವೂ ನೇರವಾಗಿಯೇ ಇದೆ, ಒಟ್ಟು ತೀರ್ಪು ಮಾತ್ರ ಗಾಣದ ಎತ್ತಿನಂತೆ ಸುತ್ತುತ್ತದೆ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸ್‌ನ ಕೊಂಡೋರ್ಸೆ ಇದನ್ನು ಗುರುತಿಸಿದ್ದ. 1951ರಲ್ಲಿ ಕೆನೆತ್ ಆರೋ ಈ ತೊಡಕು ಯಾವುದೋ ಒಂದು ಮತಪದ್ಧತಿಗಷ್ಟೇ ಸೀಮಿತವಲ್ಲ ಎಂದು ಗಣಿತದ ಮೂಲಕ ತೋರಿಸಿಕೊಟ್ಟರು. ಆದ್ದರಿಂದ ಕುಳಗೇರಿ ಕ್ರಾಸಿನ ವಾದ ಬಗೆಹರಿಯದೇ ಉಳಿದದ್ದು ವಾದಿಸಿದವರ ತಪ್ಪಲ್ಲ.

ಇಂಥ ವಾದಗಳು ಬಗೆಹರಿಯಬೇಕೆಂದೂ ಇಲ್ಲ. ಅವು ಬೆಂಚಿನ ಮೇಲೆ ಇರುವವರೆಗೆ ನಿರಪಾಯಕಾರಿ, ಅಷ್ಟೇ ಅಲ್ಲ, ಆರೋಗ್ಯಕರ. ತೊಂದರೆ ಆರಂಭವಾಗುವುದು ಈ ವಾದ ಕಡತದೊಳಗೆ ಬಂದಾಗ. ಶ್ರೇಷ್ಠರಾರು ಎಂಬ ಪ್ರಶ್ನೆಗೆ ಸರ್ಕಾರ ಪ್ರಶಸ್ತಿ, ನಗದು, ನೌಕರಿಗಳ ರೂಪದಲ್ಲಿ ಉತ್ತರ ಕೊಡಬೇಕಾಗಿ ಬಂದಾಗ. ಆಗ ಒಬ್ಬರ ಹೆಸರನ್ನು ಬರೆಯಬೇಕಾಗುತ್ತದೆ, ಬರೆಯದೆ ಉಳಿದ ಹೆಸರಿನವನಿಗೆ ಅದರ ಬಿಸಿ ತಟ್ಟುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಸೇವೆಯಲ್ಲಿದ್ದಾಗ ಒಂದು ಸಮಿತಿಯ ಮುಂದೆ ಗೆದ್ದ ಕಬಡ್ಡಿ ತಂಡವೊಂದರ ಆಟಗಾರರ ಪಟ್ಟಿ ಬಂದಿತ್ತು. ಅವರಲ್ಲಿ ಒಬ್ಬನನ್ನು ಶಿಫಾರಸು ಮಾಡಬೇಕಾಗಿತ್ತು. ಅತಿ ಹೆಚ್ಚು ಅಂಕ ತಂದ ರೈಡರ್‌ನ ಹೆಸರನ್ನು ನಾನು ಬರೆದೆ. ವಸ್ತುನಿಷ್ಠ ಮಾನದಂಡ ಅನುಸರಿಸಿದ ಸಮಾಧಾನವೂ ನನಗಿತ್ತು. ಕೆಲವು ದಿನಗಳ ನಂತರ ಅದೇ ತಂಡದಲ್ಲಿ ರಕ್ಷಣೆಯಲ್ಲಿ ಆಡಿದ್ದ ಹುಡುಗನೊಬ್ಬ ಕಚೇರಿಗೆ ಬಂದ. ದೂರು ಹೇಳಲಿಲ್ಲ, ಸಿಟ್ಟಾಗಲಿಲ್ಲ. "ಸಾಹೇಬ್ರ, ಅವರಿಗೆ ಬರದಂಗ ಮಾಡಿದ ಪಾಯಿಂಟ್ ಎಲ್ಲಿ ಬರೀತೀರಿ?" ಎಂದಷ್ಟೇ ಕೇಳಿದ.

ನನ್ನಲ್ಲಿ ಉತ್ತರವಿರಲಿಲ್ಲ. ಎದುರಾಳಿಯನ್ನು ಹಿಡಿದು ಕೆಡವಿದರೆ ಅಂಕ ಬರುತ್ತದೆ, ನಿಜ. ಆದರೆ ಈ ಹುಡುಗ ನಿಂತ ಮೂಲೆಗೆ ಬರಲು ಹೆದರಿ ಬರಿಗೈಯಲ್ಲಿ ಮರಳಿದ ರೈಡರ್‌ನ ಲೆಕ್ಕ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಆದೇಶ ಹೊರಟುಹೋಗಿತ್ತು. ಅವನನ್ನು ಕೂರಿಸಿ ಚಹಾ ತರಿಸಿಕೊಟ್ಟೆ. ಅದರಾಚೆಗೆ ಏನೂ ಮಾಡಲಿಲ್ಲ. ಮಾಡಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಕನಿಷ್ಠ ಪಕ್ಷ ತಂಡದ ತರಬೇತುದಾರರನ್ನೂ ಜೊತೆಯಾಟಗಾರರನ್ನೂ ಕೇಳಿ ನೋಡಬಹುದಿತ್ತು.

ಆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಅನಿರೀಕ್ಷಿತ ದಿಕ್ಕಿನಿಂದ. ಅಮೆರಿಕದಲ್ಲಿರುವ ನನ್ನ ಮೊಮ್ಮಗನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಆರು ಬಾರಿ ಚಾಂಪಿಯನ್ ಆದ ಮೈಕೆಲ್ ಜೋರ್ಡನ್ ದೊಡ್ಡವನೋ, ನಾಲ್ಕು ಬಾರಿ ಗೆದ್ದರೂ ಅಂಕ ಗಳಿಕೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ ಲೆಬ್ರಾನ್ ಜೇಮ್ಸ್ ದೊಡ್ಡವನೋ ಎಂಬ ಜಗಳ ಅಲ್ಲಿ ಮನೆಮನೆಯದು. ಅವನಿಂದಾಗಿ ನಾನು ಹಳೆಯ ಇನ್ನೊಂದು ಜೋಡಿಯ ಕತೆ ಓದಿದೆ. ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ. ಆ ಋತುವಿನಲ್ಲಿ ಪಂದ್ಯವೊಂದಕ್ಕೆ ಅವನ ಸರಾಸರಿ 50.4 ಅಂಕ. ಆದರೆ ಅದೇ ಋತುವಿನ ಅತ್ಯಮೂಲ್ಯ ಆಟಗಾರ ಯಾರೆಂದು ಮತ ಹಾಕಿದ ಆಟಗಾರರು ಆರಿಸಿದ್ದು ಅವನನ್ನಲ್ಲ, ಬೋಸ್ಟನ್ ತಂಡದ ಬಿಲ್ ರಸೆಲ್‌ನನ್ನು. ರಸೆಲ್‌ನ ವಿಶೇಷ ಎದುರಾಳಿಯ ಎಸೆತವನ್ನು ತಡೆಯುವುದು. ಅವನು ಆಡಿದ ಹದಿಮೂರು ಋತುಗಳಲ್ಲಿ ಬೋಸ್ಟನ್ ಹನ್ನೊಂದು ಬಾರಿ ಚಾಂಪಿಯನ್ ಆಯಿತು. ಆದರೂ ಅವನು ಒಟ್ಟು ಎಷ್ಟು ಎಸೆತಗಳನ್ನು ತಡೆದನೆಂಬ ಅಧಿಕೃತ ಲೆಕ್ಕವಿಲ್ಲ. ಏಕೆಂದರೆ ಆ ಲೀಗ್ ತಡೆದ ಎಸೆತಗಳನ್ನು ದಾಖಲಿಸಲು ತೊಡಗಿದ್ದೇ 1973-74ರಲ್ಲಿ. ರಸೆಲ್ ನಿವೃತ್ತನಾದದ್ದು 1969ರಲ್ಲಿ.

ಬರದಂತೆ ಮಾಡಿದ ಅಂಕಗಳನ್ನು ಅಮೆರಿಕದಂಥ ದೇಶವೂ ಬರೆದಿಟ್ಟಿರಲಿಲ್ಲ ಎಂದಾಯಿತು. ಆದರೆ ಜೊತೆಗೆ ಆಡಿದವರಿಗೂ ಎದುರು ಆಡಿದವರಿಗೂ ಅದು ಗೊತ್ತಿತ್ತು. ಅವರನ್ನು ಕೇಳುವ ವ್ಯವಸ್ಥೆ ಅಲ್ಲಿತ್ತು. ನನ್ನ ಸಮಿತಿಯಲ್ಲಿ ಇರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಸಣ್ಣದಲ್ಲ.

ಕಪ್ ಎಣಿಸುವುದೂ ಇಷ್ಟೇ ಅಪೂರ್ಣವಾದ ಲೆಕ್ಕ. 1982ರ ರಣಜಿ ಫೈನಲ್‌ನಲ್ಲಿ ಕರ್ನಾಟಕ ದೆಹಲಿಯ ಕೋಟ್ಲಾ ಮೈದಾನದಲ್ಲಿ 705 ರನ್ ಗಳಿಸಿತು. ದೆಹಲಿ ಎಂಟು ವಿಕೆಟ್‌ಗೆ 707 ಗಳಿಸಿ ಟ್ರೋಫಿ ಒಯ್ದಿತು. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ 338 ರನ್‌ಗಳ ಗುರಿ ಬೆನ್ನಟ್ಟಿದ ಕರ್ನಾಟಕಕ್ಕೆ ಮನೀಷ್ ಪಾಂಡೆ 144 ರನ್ ಹೊಡೆದುಕೊಟ್ಟರು. ಮುಂಬೈ ಗೆದ್ದದ್ದು ಆರು ರನ್‌ಗಳಿಂದ. ಅಮೆರಿಕದ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2015-16ರ ಋತುವಿನಲ್ಲಿ 73 ಪಂದ್ಯ ಗೆದ್ದು, ಒಂಬತ್ತನ್ನಷ್ಟೇ ಸೋತು ದಾಖಲೆ ಬರೆಯಿತು. ಫೈನಲ್ ಸರಣಿಯಲ್ಲಿ 3-1ರ ಮುನ್ನಡೆ ಪಡೆದೂ ಕೊನೆಗೆ ಸೋತಿತು. ಎಂಟು ರಣಜಿ ಗೆಲುವುಗಳ ಪಟ್ಟಿಯಲ್ಲಿ 1982ರ, 2010ರ ತಂಡಗಳಿಗೆ ಸ್ಥಾನವಿಲ್ಲ. ಆದರೆ ಆ ಆರು ರನ್ ಬಂದಿದ್ದರೆ ಆ ಆಟಗಾರರ ಯೋಗ್ಯತೆ ಹೆಚ್ಚುತ್ತಿತ್ತೇ? ಬರದೇ ಹೋದದ್ದರಿಂದ ಕುಗ್ಗಿತೇ?

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣವಾದದ್ದು, ಅವಕಾಶದ ಲೆಕ್ಕ. ಶ್ರೇಷ್ಠರ ಪಟ್ಟಿಗೆ ಸೇರಲು ಮೊದಲು ಕಣಕ್ಕೆ ಇಳಿಯಬೇಕು. ಕಣಕ್ಕೆ ಇಳಿಯಲು ಸರದಿ ಬರಬೇಕು. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 600ಕ್ಕೂ ಹೆಚ್ಚು ವಿಕೆಟ್ ಪಡೆದರು. ಎಡಗೈ ಸ್ಪಿನ್ನರ್ ಆಗಿದ್ದ ಅವರ ಮುಂದೆ ಸರದಿಯಲ್ಲಿ ಬಿಷನ್ ಸಿಂಗ್ ಬೇಡಿ ನಿಂತಿದ್ದುದರಿಂದ ಒಂದು ಟೆಸ್ಟ್ ಕೂಡ ಆಡಲಾಗಲಿಲ್ಲ. ನಮ್ಮ ರಘುರಾಮ್ ಭಟ್ ಅವರ ಸ್ಪಿನ್ ಎದುರಿಸಲಾಗದೆ 1981-82ರ ಸೆಮಿಫೈನಲ್‌ನಲ್ಲಿ ಸುನೀಲ್ ಗಾವಸ್ಕರ್ ಎಡಗೈಯಲ್ಲಿ ಬ್ಯಾಟ್ ಮಾಡಿದ್ದು ಪ್ರಸಿದ್ಧ. ಭಟ್ ಅವರಿಗೆ ದಕ್ಕಿದ್ದು ಎರಡೇ ಟೆಸ್ಟ್. 1999ರ ಫೈನಲ್ ಗೆಲ್ಲಿಸಿಕೊಟ್ಟ ವಿಜಯ್ ಭಾರದ್ವಾಜ್ ಆಡಿದ್ದು ಮೂರು.

ಬೆಂಗಳೂರಿನಿಂದ ದೂರ ಬಂದಷ್ಟೂ ಸರದಿ ಉದ್ದವಾಗುತ್ತದೆ. ಗದುಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಮುಂದೆ 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರ್‌ಗಳಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಪಡೆದರು. ಇದೇ ಹೆದ್ದಾರಿಯ ಇನ್ನೊಂದು ತುದಿಯ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ ಐದು ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್‌ಗೆ ಒಯ್ದರು. ಚಹಾದಂಗಡಿಯ ವಾದದಲ್ಲಿ ಆಕೆಯ ಹೆಸರು ಬರಲಿಲ್ಲ. 1976ರಲ್ಲಿ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್‌ಗೆ ನಾಯಕಿಯಾಗಿದ್ದ ನಮ್ಮವರೇ ಆದ ಶಾಂತಾ ರಂಗಸ್ವಾಮಿ ಅವರ ಹೆಸರೂ ಬರಲಿಲ್ಲ. ಅವನ್ನು ಎತ್ತಬೇಕೆಂದು ನನಗೂ ಆಗ ಹೊಳೆಯಲಿಲ್ಲ. ಜೋಶಿ, ರಾಜೇಶ್ವರಿ ಸರದಿಯನ್ನು ದಾಟಿ ಬಂದವರು. ಬೆಳಗಿನ ರೈಲು ಸಿಗದವರು, ಮನೆಯಲ್ಲಿ ಒಪ್ಪಿಗೆ ದೊರೆಯದವರು ಎಷ್ಟು ಜನರೋ. ಅವರನ್ನು ಯಾವ ಪಟ್ಟಿಯಲ್ಲಿ ಹುಡುಕುವುದು?

ಇದನ್ನೆಲ್ಲ ಹೇಳುವುದು ಅಂಕಿ-ಅಂಶ ಬೇಡವೆಂದಲ್ಲ. ಅಂಕಿಯನ್ನು ಕೈಬಿಟ್ಟರೆ ಅದರ ಜಾಗಕ್ಕೆ ಬರುವುದು ಶಿಫಾರಸು ಪತ್ರ, ಜಾತಿ, ಪರಿಚಯ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದಲ್ಲಿ ದುಡಿದವನಿಗೆ ಆ ಅಪಾಯದ ಅರಿವಿದೆ. ಕಬಡ್ಡಿ ಸಮಿತಿಯಲ್ಲಿ ನಾನು ಅಂಕಕ್ಕೆ ಅಂಟಿಕೊಂಡದ್ದೂ ಆ ಭಯದಿಂದಲೇ. ನನ್ನ ವಾದ ಇಷ್ಟು ಮಾತ್ರ: ಅಂಕಿ ಆರಂಭವಾಗಲಿ, ಅಂತಿಮವಾಗದಿರಲಿ. ತಂಡದ ಆಟಕ್ಕೆ ಕೊಡುವ ಬಹುಮಾನ ಮೊದಲು ತಂಡಕ್ಕೆ ಸಲ್ಲಲಿ, ಬೆಂಚಿನಲ್ಲಿ ಕುಳಿತವರನ್ನೂ ಸೇರಿಸಿ. ಒಬ್ಬರನ್ನೇ ಆರಿಸಬೇಕಾದಲ್ಲಿ ಜೊತೆಯಾಟಗಾರರ, ಎದುರಾಳಿಗಳ ಗುಪ್ತ ಮತಕ್ಕೂ ತೂಕವಿರಲಿ. ಆಯ್ಕೆಯ ಕಾರಣವನ್ನು ಸಮಿತಿ ಒಂದು ಪುಟದಲ್ಲಿಯಾದರೂ ಬರೆದು ಪ್ರಕಟಿಸಲಿ. ಜಿಲ್ಲೆ, ತಾಲ್ಲೂಕು ಮಟ್ಟದ ಪಂದ್ಯಗಳ ಸ್ಕೋರ್ ಪುಸ್ತಕಗಳನ್ನು ರದ್ದಿಗೆ ಹಾಕದೆ ಉಳಿಸಲಿ. ಇವು ಹೆಚ್ಚು ಹಣ ಬೇಡುವ ಸುಧಾರಣೆಗಳಲ್ಲ. ಹಣ ಬೇಡುವ ಸುಧಾರಣೆ ಒಂದೇ: ಹುಡುಗ ಹುಡುಗಿಯರು ನಸುಕಿನಲ್ಲಿ ಪರವೂರಿಗೆ ಹೋಗದೆ ಆಡುವಂಥ ಮೈದಾನ ಪ್ರತಿ ತಾಲ್ಲೂಕಿನಲ್ಲಿ.

ಅಂದು ಬಸ್ಸಿಳಿದು ಬಾದಾಮಿಯಲ್ಲಿ ಹೆಜ್ಜೆ ಹಾಕುವಾಗ, ಈ ನೆಲದಲ್ಲಿ ಹಿರಿಮೆಯ ವಾದ ಎಷ್ಟು ಹಳೆಯದು ಎಂಬುದು ನೆನಪಾಯಿತು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ಒಡೆಯ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಾಲುಸಾಲಾಗಿ ಹೇಳಿ, ಕೊನೆಗೆ ತನ್ನನ್ನೇ ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡ. ಹತ್ತು ವರ್ಷ ಕಳೆಯುವುದರೊಳಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಅವನ ಹೆಸರಿನ ಶಾಸನವೂ ಇಲ್ಲಿಯ ಬಂಡೆಯ ಮೇಲಿದೆ. ಗೆದ್ದವರ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಆದರೆ ಇದೇ ಬಾದಾಮಿಯಲ್ಲಿ ಇನ್ನೊಂದು ಶಾಸನವಿದೆ, ಕಪ್ಪೆ ಅರಭಟ್ಟನದು. ಅವನು ಯಾವ ದೇಶ ಗೆದ್ದನೆಂಬುದನ್ನು ಅದು ಹೇಳುವುದಿಲ್ಲ. ಅವನ ಗುಣವನ್ನು, ಜನರೊಡನೆ ನಡೆದುಕೊಂಡ ಬಗೆಯನ್ನು ಹೇಳುತ್ತದೆ.

ಆ ಬಂಡೆಯನ್ನು ನೆನೆದಾಗ ನನ್ನ ಕಣ್ಣ ಮುಂದೆ ಬಂದವರು ಮತ್ತೆ ವಿಶ್ವನಾಥ್. 1980ರ ಫೆಬ್ರುವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಅವರು ಭಾರತದ ನಾಯಕ. 58 ರನ್‌ಗೆ ಐದು ವಿಕೆಟ್ ಕಳೆದುಕೊಂಡು ಇಂಗ್ಲೆಂಡ್ ಸಂಕಷ್ಟದಲ್ಲಿತ್ತು. ಮುಂದೆ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬಾಥಮ್ ಜೊತೆಯಾಟದಲ್ಲಿ 171 ರನ್ ಸೇರಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದ ಟೆಸ್ಟ್‌ಗಳು ಎರಡೇ, ಅವುಗಳಲ್ಲಿ ಗೆಲುವಿಲ್ಲ. ನಾಯಕರ ಯಾವ ಶ್ರೇಯಾಂಕ ಪಟ್ಟಿಯ ಮೇಲ್ಭಾಗದಲ್ಲಿಯೂ ಅವರ ಹೆಸರು ಬರಲಾರದು. ಆದರೆ ಆ ಒಂದು ತೀರ್ಮಾನವನ್ನು ಇಂದಿಗೂ ಜನ ಗೌರವದಿಂದ ನೆನೆಯುತ್ತಾರೆ.

ಕುಳಗೇರಿ ಕ್ರಾಸಿನ ಬೆಂಚಿನಲ್ಲಿ ಮುಂದಿನ ಬಾರಿ ಕುಳಿತಾಗ ನಾನೂ ಆ ವಾದದಲ್ಲಿ ಸೇರುವವನಿದ್ದೇನೆ. ನನ್ನ ಮತ 1974ರ ತಂಡಕ್ಕೇ. ಹೈಸ್ಕೂಲಿನ ಪ್ರೀತಿಯನ್ನು ಅರ್ಥಶಾಸ್ತ್ರ ಅಳಿಸಲಾರದು. ಆದರೆ ಮತ ಹೇಳುವ ಮೊದಲು ಎಲ್ಲರ ಮುಂದೆಯೂ ಆ ಕಬಡ್ಡಿ ಹುಡುಗನ ಪ್ರಶ್ನೆಯನ್ನು ಇಡುತ್ತೇನೆ. ಅವನಿಗೆ ಅಂದು ನಾನು ಕೊಡಲಾಗದ ಉತ್ತರವನ್ನು ಇಂದು ಕಡತ ಹಿಡಿದು ಕುಳಿತಿರುವ ಯಾರಾದರೂ ಕೊಟ್ಟಾರೆಂಬ ಆಸೆ ನನ್ನದು.